ಜೆರುಸಲೇಮಿನ ರಷ್ಯನ್ ಛತ್ರಗಳು

ಸಿಟಿ ಹಾಲ್ ನಿಲ್ದಾಣದಲ್ಲಿ ಟ್ರಾಮ್ ಇಳಿದು ನಗರಪಾಲಿಕೆಯ ಕಟ್ಟಡಗಳ ಹಿಂಬದಿಗೆ ನಡೆದರೆ ಉದ್ದನೆಯ ಕಲ್ಲುಕಟ್ಟಡವೊಂದು ಸಿಗುತ್ತದೆ. ಕಿಟಕಿಗಳಿಗೆ ದಪ್ಪ ಸರಳು, ಗೋಡೆಯ ಮೇಲೆ ಮುಳ್ಳುತಂತಿ. ಬ್ರಿಟಿಷರ ಕಾಲದಲ್ಲಿ ಇದು ಜೆರುಸಲೇಮಿನ ಕೇಂದ್ರ ಕಾರಾಗೃಹ. ಈಗ ಭೂಗತ ಹೋರಾಟಗಾರರ ನೆನಪಿನ ವಸ್ತುಸಂಗ್ರಹಾಲಯ. ಒಳಗೆ ಕಾಲಿಡುವ ಮುನ್ನ ಬಾಗಿಲ ನೆತ್ತಿಯನ್ನು ನೋಡಬೇಕು. ಅಲ್ಲಿ ಕಲ್ಲಿನಲ್ಲಿ ರಷ್ಯನ್ ಅಕ್ಷರಗಳಿವೆ. ಇದು ಮಹಿಳಾ ಯಾತ್ರಿಕರ ಛತ್ರ ಎಂದು ಅವು ಸಾರುತ್ತವೆ.

ಒಳಗೆ ಶಾಲಾ ಮಕ್ಕಳ ಗುಂಪೊಂದು ಮಾರ್ಗದರ್ಶಿಯ ಸುತ್ತ ನಿಂತಿತ್ತು. 1947ರ ಏಪ್ರಿಲ್‌ನಲ್ಲಿ ಮೇಯರ್ ಫೈನ್‌ಸ್ಟೈನ್ ಮತ್ತು ಮೋಶೆ ಬರಜಾನಿ ಎಂಬ ಇಬ್ಬರು ತರುಣರು ಇಲ್ಲಿಯೇ ಗಲ್ಲಿಗೆ ಕಾದಿದ್ದರು. ಕಿತ್ತಳೆಯ ಸಿಪ್ಪೆಯೊಳಗೆ ಅಡಗಿಸಿ ಕಳಿಸಿದ್ದ ಗ್ರೆನೇಡನ್ನು ತಮ್ಮಿಬ್ಬರ ನಡುವೆ ಸಿಡಿಸಿಕೊಂಡು ಸತ್ತರು. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನನ್ನ ಕಣ್ಣು ಮಾತ್ರ ಚಾವಣಿಯ ಮೇಲಿತ್ತು. ಸೆರೆಮನೆ ಕಟ್ಟುವವರು ಇಷ್ಟು ಎತ್ತರದ ಕಮಾನು ಹಾಕುವುದಿಲ್ಲ, ಗಾಳಿಯಾಡಲೆಂದು ಇಷ್ಟು ದೊಡ್ಡ ಕಿಟಕಿ ಬಿಡುವುದಿಲ್ಲ. ಸರಳುಗಳು ಆಮೇಲೆ ಬಂದವು. ಉದ್ದನೆಯ ಓಣಿ, ಅದರ ಎರಡೂ ಬದಿಗೆ ಕೋಣೆಗಳು: ತಾಂಬೋವ್, ಪೆರ್ಮ್, ವ್ಯಾಟ್ಕಾ ಕಡೆಯ ಹಳ್ಳಿಗಳಿಂದ ಬಂದ ರೈತ ಹೆಂಗಸರು ಗಂಟು ಬಿಚ್ಚಿ ಸಾಲಾಗಿ ಮಲಗಲೆಂದು ಕಟ್ಟಿದ ಕೋಣೆಗಳಿವು.

ಇಂಥ ಕಟ್ಟಡಗಳನ್ನು ರಷ್ಯಾ ಈಗ ಮರಳಿ ಕೇಳುತ್ತಿದೆ. ಕೆಲವು ಕೈಸೇರಿವೆ, ಕೆಲವು ಮಾರಾಟವಾಗಿ ಹೋಗಿವೆ, ಒಂದು ಕೋರ್ಟಿನಿಂದ ಸರ್ಕಾರದ ಮೇಜಿಗೂ ಸರ್ಕಾರದಿಂದ ಕೋರ್ಟಿಗೂ ಅಲೆಯುತ್ತಿದೆ. ದೇವರ ಹೆಸರಿನಲ್ಲಿ ಕಟ್ಟಿದ್ದನ್ನು ಒಂದು ದೇಶ ತನ್ನದೆಂದು ಕೇಳಲು ಹೊರಟಾಗ ಏನೇನಾಗುತ್ತದೆ ಎಂದು ನೋಡುವ ಆಸೆಯಿಂದಲೇ 2023ರ ವಸಂತದಲ್ಲಿ ನಾನು ಜೆರುಸಲೇಮಿಗೆ ಹೋದದ್ದು. ಗಾಜಾ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಹಳೆಯ ಊರಿನ ಓಣಿಗಳಲ್ಲಿ ನಡೆಯಲು ಜಾಗವಿಲ್ಲದಷ್ಟು ಜನ.

ಕತೆಯ ಬುಡದಲ್ಲಿ ಒಂದು ಯುದ್ಧದ ಸೋಲಿದೆ. ಬೆತ್ಲೆಹೇಮಿನ ಚರ್ಚಿನ ಬೀಗದ ಕೈ ಯಾರ ಬಳಿ ಇರಬೇಕೆಂದು ಲ್ಯಾಟಿನ್ ಕ್ಯಾಥೊಲಿಕರೂ ಗ್ರೀಕ್ ಆರ್ಥೊಡಾಕ್ಸರೂ ಜಗಳಾಡಿದ್ದು, ಅವರ ಬೆನ್ನಿಗೆ ಫ್ರಾನ್ಸ್ ಮತ್ತು ರಷ್ಯಾ ನಿಂತದ್ದು ಕ್ರಿಮಿಯಾ ಯುದ್ಧಕ್ಕೆ ಕಿಡಿಯಾಯಿತು. 1856ರಲ್ಲಿ ರಷ್ಯಾ ಸೋತಿತು. ಬಂದೂಕಿನಿಂದ ಆಗದ್ದನ್ನು ಇನ್ನೊಂದು ದಾರಿಯಲ್ಲಿ ಮಾಡಲು ಪೀಟರ್ಸ್‌ಬರ್ಗಿನವರು ನಿಶ್ಚಯಿಸಿದರು. 1859ರಲ್ಲಿ ಚಕ್ರವರ್ತಿಯ ತಮ್ಮ ಕಾನ್‌ಸ್ಟಂಟಿನ್ ಹೆಂಡತಿಯೊಡನೆ ಜೆರುಸಲೇಮಿಗೆ ಬಂದ. ಕೋಟೆಗೋಡೆಯ ಹೊರಗೆ ತುರ್ಕಿ ಸೈನಿಕರು ಕವಾಯತು ಮಾಡುತ್ತಿದ್ದ ದೊಡ್ಡ ಬಯಲಿತ್ತು. ಕೊಂಡದ್ದು ಅಷ್ಟು, ಸುಲ್ತಾನ ಕೊಟ್ಟದ್ದು ಇಷ್ಟು ಎಂಬಂತೆ ಸುಮಾರು 17 ಎಕರೆ ರಷ್ಯಾದ ಪಾಲಾಯಿತು. ಅಲ್ಲಿ ಗಂಡಸರ ಛತ್ರ, ಹೆಂಗಸರ ಛತ್ರ, ಆಸ್ಪತ್ರೆ, ಕಾನ್ಸುಲರ ಮನೆ ಎದ್ದವು. ನಡುವೆ ತ್ರಯೇಕ ದೇವರ ದೊಡ್ಡ ಚರ್ಚು. ಚರ್ಚಿನ ಮುಂದೆ, ಕಬ್ಬಿಣದ ಬೇಲಿಯೊಳಗೆ, ಹನ್ನೆರಡು ಮೀಟರ್ ಉದ್ದದ ಕಲ್ಲುಕಂಬವೊಂದು ಮಲಗಿದೆ. ಎರಡು ಸಾವಿರ ವರ್ಷದ ಹಿಂದೆ ಯಾವುದೋ ಮಹಾಕಟ್ಟಡಕ್ಕೆಂದು ಬಂಡೆಯಲ್ಲೇ ಕಡೆಯುವಾಗ ಬಿರುಕು ಬಿಟ್ಟಿತು. ಕಲ್ಲುಕುಟಿಗರು ಇದ್ದಲ್ಲೇ ಬಿಟ್ಟು ಹೋದರು. ರಷ್ಯನ್ನರು ನೆಲ ಸಮ ಮಾಡುವಾಗ ಅದು ಹೊರಬಂತು. ಆ ಬಿರುಕು ಇವತ್ತಿಗೂ ಕಾಣುತ್ತದೆ, ಬೇಲಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಎಂಬುದೇ ನನಗೆ ಮುಖ್ಯ. ರಾಜಮನೆತನ ಕೊಟ್ಟಿತು, ಖಜಾನೆ ಕೊಟ್ಟಿತು, ನಿಜ. ಆದರೆ 1882ರಲ್ಲಿ ಸಾಮ್ರಾಟರ ತಮ್ಮ ಸೆರ್ಗೆಯ್ ಅಲೆಕ್ಸಾಂಡ್ರೊವಿಚ್ ಅಧ್ಯಕ್ಷತೆಯಲ್ಲಿ ಪ್ಯಾಲೆಸ್ಟೀನ್ ಸೊಸೈಟಿ ಹುಟ್ಟಿದ ಮೇಲೆ ಅದರ ಬೊಕ್ಕಸ ತುಂಬಿದ್ದು ಮುಖ್ಯವಾಗಿ ಗರಿಗಳ ಭಾನುವಾರದ ಕಾಣಿಕೆಯಿಂದ. ಈಸ್ಟರ್‌ಗೆ ವಾರ ಮೊದಲು ಸಾಮ್ರಾಜ್ಯದ ಊರೂರಿನ ಚರ್ಚುಗಳಲ್ಲಿ ಪವಿತ್ರಭೂಮಿಗೆಂದು ತಟ್ಟೆ ಹಿಡಿಯುತ್ತಿದ್ದರು. ಜನ ಒಂದೊಂದು ಕೊಪೆಕ್ ಹಾಕುತ್ತಿದ್ದರು. ಜೆರುಸಲೇಮಿಗೆ ಎಂದೂ ಹೋಗಲಾರದ ಮುದುಕಿಯರು, ಹೋದ ಮಗಳ ದಾರಿ ಕಾಯುವವರು, ಬೆಳೆ ಹೋದ ವರ್ಷವೂ ತಟ್ಟೆಯನ್ನು ಬರಿದೆ ಮುಂದೆ ಸಾಗಿಸದವರು. ಹಾಗಾಗಿ ಈ ಆಸ್ತಿಯ ವಾರಸುದಾರರು ಯಾರು ಎಂಬ ಪ್ರಶ್ನೆ ಬಂದಾಗಲೆಲ್ಲ ನನ್ನ ಮನಸ್ಸು ಅರಮನೆಯ ಕಡೆಗೆ ಹೋಗುವುದಿಲ್ಲ, ಆ ತಟ್ಟೆಯ ಕಡೆಗೆ ಹೋಗುತ್ತದೆ.

ಆ ಜನ ಹೇಗೆ ಬರುತ್ತಿದ್ದರು ಎಂದು ತಿಳಿಯಲು ಸ್ಟೀಫನ್ ಗ್ರಹಾಂ ಎಂಬ ಇಂಗ್ಲಿಷ್ ಲೇಖಕ 1913ರಲ್ಲಿ ಪ್ರಕಟಿಸಿದ ಪುಸ್ತಕ ಓದಬೇಕು. ಆತ ರಷ್ಯನ್ ಯಾತ್ರಿಕನ ವೇಷದಲ್ಲಿ ಅವರ ಹಡಗಿನಲ್ಲೇ ಬಂದವನು. ಒಣಗಿಸಿದ ಕಪ್ಪು ರೊಟ್ಟಿಯ ಮೂಟೆ ಹೊತ್ತು ಹೊರಟ ರೈತರು, ಹಡಗಿನ ತಳದಲ್ಲಿ ದನಗಳಂತೆ ತುಂಬಿಕೊಂಡವರು, ದಡ ಕಂಡಾಗ ಅಳುವವರು. ಜೋರ್ಡಾನ್ ನದಿಯಲ್ಲಿ ತಮ್ಮ ಹೆಣದ ಬಟ್ಟೆಯನ್ನು ಉಟ್ಟು ಮುಳುಗಿ, ಅದನ್ನು ಒಣಗಿಸಿ ಮಡಿಚಿ, ಸಾವಿನ ದಿನಕ್ಕೆಂದು ಊರಿಗೆ ಒಯ್ಯುವವರು. ಮೊದಲ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಹೀಗೆ ಬರುತ್ತಿದ್ದವರು ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು. ಮೊದಲು ಕಟ್ಟಿದ ಛತ್ರಗಳು ಅಷ್ಟು ಜನಕ್ಕೆ ಎಲ್ಲಿ ಸಾಲಬೇಕು? ಓಣಿಗಳಲ್ಲೂ ಅಂಗಳದಲ್ಲೂ ಮಲಗುತ್ತಿದ್ದರು.

ಆಲಿವ್ ಗುಡ್ಡಕ್ಕೆ ನಾನು ನಡೆದೇ ಹತ್ತಿದೆ. ಗುಡ್ಡದ ನೆತ್ತಿಯಲ್ಲಿ 64 ಮೀಟರ್ ಎತ್ತರದ ಗಂಟೆಗೋಪುರ; ಊರಿನ ಯಾವ ಮೂಲೆಯಿಂದ ನೋಡಿದರೂ ಕಾಣುತ್ತದೆ. ಅದನ್ನು ಕಟ್ಟಿಸಿದ ಆಂತೊನಿನ್ ಕಪುಸ್ತಿನ್ ಅಲ್ಲೇ ಚರ್ಚಿನೊಳಗೆ ಮಲಗಿದ್ದಾನೆ. ಪವಿತ್ರಭೂಮಿಯಲ್ಲಿ ರಷ್ಯಾದ ಆಸ್ತಿ ಎಂಬುದೊಂದು ಇದ್ದರೆ ಅದರ ಅರ್ಧ ಶ್ರೇಯಸ್ಸು ಈ ಸನ್ಯಾಸಿಗೆ ಸಲ್ಲಬೇಕು. 1865ರಲ್ಲಿ ರಷ್ಯನ್ ಧಾರ್ಮಿಕ ಮಿಷನ್‌ನ ಹೊಣೆ ಹೊತ್ತ ಈತ 1894ರಲ್ಲಿ ಸಾಯುವ ತನಕ ನೆಲ ಕೊಳ್ಳುತ್ತಲೇ ಹೋದ. ಹೆಬ್ರಾನಿನಲ್ಲಿ ಅಬ್ರಹಾಮನ ಓಕ್ ಮರ ನಿಂತ ಜಾಗ, ಐನ್ ಕರೆಮ್‌ನ ಇಳಿಜಾರು, ಜೆರಿಕೊದ ತೋಟ. ಪೀಟರ್ಸ್‌ಬರ್ಗಿನ ಅಧಿಕಾರಿಗಳು ಇದು ದುಂದು ಎಂದು ಗೊಣಗಿದರು. ಈತ ಕಿವಿಗೆ ಹಾಕಿಕೊಳ್ಳಲಿಲ್ಲ. ತುರ್ಕರ ಕಾನೂನಿನಲ್ಲಿ ಪರದೇಶಿಯ ಹೆಸರಿಗೆ ನೆಲ ನೋಂದಾಯಿಸುವುದು ಕಷ್ಟ. ಆದ್ದರಿಂದ ತನ್ನ ದುಭಾಷಿ ಯಾಕೂಬ್ ಹಲಬಿಯನ್ನು ಮುಂದಿಟ್ಟುಕೊಂಡ. ತುರ್ಕಿ ಪ್ರಜೆಯಾದ ಯಾಕೂಬ್ ವ್ಯಾಪಾರಿಯಂತೆ ಹೋಗಿ ರೈತರೊಡನೆ ಚೌಕಾಸಿ ಮಾಡಿ ಕ್ರಯಪತ್ರವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದು, ಆಮೇಲೆ ಕಪುಸ್ತಿನ್‌ಗೆ ವರ್ಗಾಯಿಸುವುದು. ಕೊನೆಗೆ ಕಪುಸ್ತಿನ್ ಇದನ್ನೆಲ್ಲ ವಕ್ಫ್ ಮಾಡಿದ. ನಮ್ಮಲ್ಲಿ ದೇವರಿಗೆ ಉಂಬಳಿ ಬಿಟ್ಟಂತೆ. ಇನ್ನು ಯಾರೂ ಮಾರಬಾರದು, ಯಾರೂ ಸ್ವಂತಕ್ಕೆ ಬಳಸಬಾರದು ಎಂಬ ಕಟ್ಟು. ಕ್ರೈಸ್ತ ಸನ್ಯಾಸಿಯೊಬ್ಬ ಇಸ್ಲಾಮೀ ಕಾನೂನಿನ ದತ್ತಿಯೊಳಗೆ ತನ್ನ ಚರ್ಚಿನ ನೆಲವನ್ನು ಕಾಪಿಟ್ಟ. ನಾಳೆ ತನ್ನ ದೇಶದವರೇ ಮಾರಲು ಬರಬಹುದು ಎಂದು ಅವನಿಗೆ ಅನಿಸಿತ್ತೋ ಏನೋ.

ಗೋಪುರದಲ್ಲಿ ತೂಗುವ ದೊಡ್ಡ ಗಂಟೆಯದು ಬೇರೆಯೇ ಕತೆ. ಸುಮಾರು ಐದು ಟನ್ ತೂಕದ ಆ ಗಂಟೆಯನ್ನು ಉರಾಲ್ ಸೀಮೆಯ ಸೊಲಿಕಾಮ್ಸ್ಕ್‌ನ ವ್ಯಾಪಾರಿಯೊಬ್ಬ ಮಾಡಿಸಿ ಕಳಿಸಿದ. 1885ರಲ್ಲಿ ಅದು ಯಾಫಾ ಬಂದರಿಗೆ ಬಂತು. ಅಲ್ಲಿಂದ ಜೆರುಸಲೇಮಿಗೆ ರೈಲಿಲ್ಲ. ದಾರಿ ಬೆಟ್ಟದ ಏರು. ಯಾತ್ರಿಕರೇ ಹಗ್ಗ ಹಿಡಿದರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಗಂಟೆಯನ್ನು ಗಾಡಿಗೆ ಕಟ್ಟಿ ಏಳು ದಿನ ಎಳೆದು ಗುಡ್ಡ ಹತ್ತಿಸಿದರು. ಗೋಪುರದ ಮೆಟ್ಟಿಲ ಬಳಿ ನಿಂತು ಕೆಳಗಿನ ದಾರಿಯನ್ನು ನೋಡಿದಾಗ, ಬರಿಗೈಯಲ್ಲಿ ಹತ್ತಿದ್ದಕ್ಕೇ ನನ್ನ ಮೊಣಕಾಲು ನೋಯುತ್ತಿತ್ತು. ಈ ಗಂಟೆಗೆ ಮಾಲೀಕರು ಯಾರು ಎಂದು ಒಬ್ಬ ರಿಜಿಸ್ಟ್ರಾರ್ ಬರೆಯಬೇಕಾಗಿ ಬಂದರೆ ಯಾವ ಹೆಸರು ಬರೆಯಬೇಕು? ಹಗ್ಗ ಹಿಡಿದವರ ಹೆಸರು ಯಾವ ದಫ್ತರದಲ್ಲೂ ಇಲ್ಲ.

1914ರಲ್ಲಿ ಯುದ್ಧ ಬಂತು. ತುರ್ಕರಿಗೆ ರಷ್ಯನ್ನರು ಶತ್ರುಗಳಾದರು. ಸನ್ಯಾಸಿಗಳನ್ನು ಓಡಿಸಿ ಛತ್ರಗಳಿಗೆ ಸೈನಿಕರನ್ನು ತುಂಬಿದರು. ಆ ಯುದ್ಧದ ಕೊನೆಯಲ್ಲಿ, 1918ರ ಸೆಪ್ಟೆಂಬರ್ 23ರಂದು, ತುರ್ಕರ ಕೈಯಿಂದ ಹೈಫಾವನ್ನು ಕಿತ್ತುಕೊಂಡ ಕುದುರೆಪಡೆಯಲ್ಲಿ ಜೋಧಪುರದವರ ಜತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ತುರ್ಕರ ನಾಲ್ಕು ನೂರು ವರ್ಷದ ಆಳ್ವಿಕೆ ಮುಗಿದು ಬ್ರಿಟಿಷರು ಬಂದರು. ಅಷ್ಟರಲ್ಲಿ ರಷ್ಯಾದಲ್ಲಿ ತಟ್ಟೆ ಹಿಡಿಯುವ ಚರ್ಚೂ ಇರಲಿಲ್ಲ, ಹಡಗು ಹತ್ತಿಸುವ ಸೊಸೈಟಿಯೂ ಮೊದಲಿನಂತೆ ಇರಲಿಲ್ಲ. ಯಾತ್ರಿಕರು ನಿಂತರು. ಖಾಲಿ ಛತ್ರಗಳನ್ನು ಬ್ರಿಟಿಷರು ಬಾಡಿಗೆಗೆ ಹಿಡಿದು ಪೊಲೀಸ್ ಠಾಣೆ, ಕೋರ್ಟು, ಜೈಲು ಮಾಡಿಕೊಂಡರು. ಅರಬ್ಬರ ಬಾಯಲ್ಲಿ ಈ ಆವರಣಕ್ಕೆ ಮಾಸ್ಕೊಬಿಯಾ ಎಂಬ ಹೆಸರು ಉಳಿಯಿತು. ಇವತ್ತು ಆ ಹೆಸರು ಕೇಳಿದರೆ ಪ್ಯಾಲೆಸ್ಟೀನಿ ತಾಯಂದಿರಿಗೆ ನೆನಪಾಗುವುದು ಯಾತ್ರಿಕರಲ್ಲ, ವಿಚಾರಣೆಗೆಂದು ಮಕ್ಕಳನ್ನು ಕೂಡಿಡುವ ಬಂಧನ ಕೇಂದ್ರ. ಇಸ್ರೇಲಿನ ಸುಪ್ರೀಂ ಕೋರ್ಟ್ 1992ರ ತನಕ ಇದೇ ಆವರಣದಲ್ಲಿ ನಡೆಯಿತು.

ಕ್ರಾಂತಿಯ ನಂತರ ರಷ್ಯನ್ ಚರ್ಚು ಎರಡಾಯಿತು. ಒಂದು ಮಾಸ್ಕೋದಲ್ಲಿ ಸೋವಿಯತ್ತರ ಅಂಕೆಯಲ್ಲಿ ಉಸಿರಾಡಿಕೊಂಡಿತ್ತು. ಇನ್ನೊಂದು ದೇಶ ಬಿಟ್ಟವರ ಚರ್ಚು. ಜೆರುಸಲೇಮಿನಲ್ಲಿದ್ದ ಸನ್ಯಾಸಿನಿಯರು ಎರಡನೆಯವರ ಜತೆ ನಿಂತರು. 1948ರಲ್ಲಿ ಇಸ್ರೇಲ್ ಹುಟ್ಟಿದ ಮೂರನೆಯ ದಿನವೇ ಸೋವಿಯತ್ ಒಕ್ಕೂಟ ಅದಕ್ಕೆ ಮನ್ನಣೆ ಕೊಟ್ಟಿತು. ಇಸ್ರೇಲ್ ತನ್ನ ಗಡಿಯೊಳಗಿನ ರಷ್ಯನ್ ಆಸ್ತಿಯನ್ನು ಮಾಸ್ಕೋಗೆ ಒಪ್ಪಿಸಿತು. ಜೋರ್ಡಾನಿನ ಕೈಯಲ್ಲಿದ್ದ ಹಳೆಯ ಊರು, ಆಲಿವ್ ಗುಡ್ಡ, ಗೆತ್ಸೆಮನೆ, ಹೆಬ್ರಾನ್ ದೇಶ ಬಿಟ್ಟವರ ಬಳಿಯೇ ಉಳಿದವು. ಕದನವಿರಾಮದ ಗೆರೆ ಒಂದು ಚರ್ಚಿನ ಆಸ್ತಿಯನ್ನು ಕೆಂಪು, ಬಿಳಿ ಎಂದು ಸೀಳಿತು. ಇಲ್ಲಿಯ ಜನ ಈಗಲೂ ಹಾಗೆಯೇ ಹೇಳುತ್ತಾರೆ: ಇದು ಕೆಂಪು ರಷ್ಯನ್ನರದು, ಅದು ಬಿಳಿ ರಷ್ಯನ್ನರದು.

ಆಮೇಲೆ ನಡೆದದ್ದು ಕಿತ್ತಳೆಯ ವ್ಯಾಪಾರ. 1964ರ ಅಕ್ಟೋಬರ್ 7ರಂದು ಕ್ರುಶ್ಚೇವ್‌ನ ಸರ್ಕಾರ ಇಸ್ರೇಲಿನಲ್ಲಿದ್ದ ಬಹುತೇಕ ರಷ್ಯನ್ ಆಸ್ತಿಯನ್ನು 45 ಲಕ್ಷ ಡಾಲರಿಗೆ ಮಾರಿ ಸಹಿ ಹಾಕಿತು. ಇಸ್ರೇಲಿನ ಬಳಿ ಕೊಡಲು ಅಷ್ಟು ನಗದಿರಲಿಲ್ಲ. ದೊಡ್ಡ ಪಾಲನ್ನು ಕಿತ್ತಳೆಹಣ್ಣು, ಜವಳಿಯ ರೂಪದಲ್ಲಿ ತೀರಿಸಿತು. ಹಾಗಾಗಿ ಅದಕ್ಕೆ ಕಿತ್ತಳೆ ಒಪ್ಪಂದ ಎಂದೇ ಹೆಸರಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ಕ್ರುಶ್ಚೇವ್ ಅಧಿಕಾರದಿಂದ ಇಳಿದಿದ್ದ. ಮಾರುವ ಹಕ್ಕು ಅವನಿಗಿತ್ತೇ? ದೇವರಿಲ್ಲ ಎಂದ ಸರ್ಕಾರ ದೇವರಿಗೆಂದು ಕಟ್ಟಿದ್ದನ್ನು ಮಾರಬಹುದೇ? ರಷ್ಯಾದಲ್ಲಿ ಇಂದಿಗೂ ಈ ಪ್ರಶ್ನೆ ಎತ್ತುವವರಿದ್ದಾರೆ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಹಕ್ಕಿರಲಿಲ್ಲ. ಆದರೆ ಅದೇ ತರ್ಕವನ್ನು ಮುಂದೆ ಎಳೆದರೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ. ಮಾರುವ ಹಕ್ಕು ಒಂದು ಸರ್ಕಾರಕ್ಕೆ ಇಲ್ಲವೆಂದರೆ, ನನ್ನದೆಂದು ಕೇಳುವ ಹಕ್ಕು ಅದರ ನಂತರ ಬಂದ ಸರ್ಕಾರಕ್ಕೆ ಎಲ್ಲಿಂದ ಬಂತು? ರಷ್ಯಾ ತಾನು ಸಾಮ್ರಾಜ್ಯದ ವಾರಸುದಾರ ಎನ್ನುತ್ತದೆ. ಸೋವಿಯತ್ ಒಕ್ಕೂಟದ ವಾರಸುದಾರನೂ ತಾನೇ ಎನ್ನುತ್ತದೆ. ಎರಡೂ ಮನೆತನದ ಆಸ್ತಿ ಬೇಕು ಎನ್ನುವವನು ಎರಡರ ಋಣವನ್ನೂ ಹೊರಬೇಕಲ್ಲ.

ಆ ಮಾರಾಟದಿಂದ ತಪ್ಪಿಸಿಕೊಂಡದ್ದರಲ್ಲಿ ಸೆರ್ಗೆಯ್ ಛತ್ರ ಒಂದು. 1890ರಲ್ಲಿ ಮುಗಿದ ಈ ಕಟ್ಟಡ ಉಳ್ಳವರ ಯಾತ್ರೆಗೆಂದು ಕಟ್ಟಿದ್ದು. ಮೂಲೆಯಲ್ಲಿ ದುಂಡನೆಯ ಗೋಪುರ, ಒಳಗೆ ಮರಗಳ ಅಂಗಳ. ದಾಖಲೆಯಲ್ಲಿ ಇದು ಸೆರ್ಗೆಯ್ ಅಲೆಕ್ಸಾಂಡ್ರೊವಿಚ್‌ನ ಖಾಸಗಿ ಸ್ವತ್ತು. 1905ರಲ್ಲಿ ಕ್ರೆಮ್ಲಿನ್ನಿನ ಒಳಗೆ ಬಾಂಬಿಗೆ ಬಲಿಯಾದ ಒಬ್ಬ ವ್ಯಕ್ತಿಯ ಹೆಸರು ಖಾತೆಯಲ್ಲಿ ಉಳಿದದ್ದೇ ಕಟ್ಟಡವನ್ನು ಕಿತ್ತಳೆಯ ಪಟ್ಟಿಯಿಂದ ಹೊರಗಿಟ್ಟಿತು. ದಶಕಗಳ ಕಾಲ ಅಲ್ಲಿ ಇಸ್ರೇಲಿನ ಕೃಷಿ ಇಲಾಖೆ ಮತ್ತು ಪ್ರಕೃತಿ ಸಂರಕ್ಷಣಾ ಸಂಘದ ಕಚೇರಿಗಳಿದ್ದವು. 2008ರ ಅಕ್ಟೋಬರ್‌ನಲ್ಲಿ, ಪ್ರಧಾನಿ ಎಹುದ್ ಓಲ್ಮರ್ಟ್ ಮಾಸ್ಕೋಗೆ ಹೊರಡುವ ಹೊತ್ತಿಗೆ, ಮಂತ್ರಿಮಂಡಲ ಅದನ್ನು ರಷ್ಯಾಕ್ಕೆ ಮರಳಿಸಲು ಒಪ್ಪಿತು. ಕಚೇರಿಗಳು ಖಾಲಿಯಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ದುರಸ್ತಿ ಮುಗಿದು ಬಾಗಿಲು ತೆರೆದದ್ದು 2017ರಲ್ಲಿ.

ನಾನು ಹೋದ ಮಧ್ಯಾಹ್ನ ಅಂಗಳದಲ್ಲಿ ಯಾರೂ ಇರಲಿಲ್ಲ. ಕಲ್ಲು ತೊಳೆದು ಹೊಳಪು ಬಂದಿತ್ತು. ಬಾಗಿಲ ಮೇಲೆ ಸೊಸೈಟಿಯ ಲಾಂಛನ, ಹೊಸ ಬಣ್ಣ, ಅಂದವಾದ ದೀಪಗಳು. ಕಾವಲಿನವನು ಸೌಜನ್ಯದಿಂದಲೇ ಮಾತಾಡಿದ. ಇಲ್ಲಿ ಯಾತ್ರಿಕರು ತಂಗಬಹುದೇ ಎಂದು ಕೇಳಿದೆ. ಅವನಿಗೆ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು. ಹತ್ತಿರದ ಹೋಟೆಲೊಂದಕ್ಕೆ ದಾರಿ ತೋರಿಸಿದ. ಕಟ್ಟಡ ಮರಳಿ ಬಂದದ್ದು ನನಗೆ ಸಂತೋಷವೇ. ನೂರು ವರ್ಷ ಹಳೆಯ ಕಲ್ಲು ಕಚೇರಿಯ ಕಡತಗಳ ನಡುವೆ ಕಪ್ಪಾಗುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಅಂಗಳದಲ್ಲಿ ನಿಂತು ಸುತ್ತ ನೋಡಿದಾಗ ಮನಸ್ಸು ಭಾರವಾಯಿತು. ಖಾತೆ ಸಿಕ್ಕಿತು, ಬಾವುಟ ಏರಿತು, ಮಲಗಲು ಬರುತ್ತಿದ್ದವರು ಎಲ್ಲಿ?

ಸೆರ್ಗೆಯ್‌ನ ಹೆಂಡತಿ ಎಲಿಜಬೆತ್ ಗೆತ್ಸೆಮನೆಯಲ್ಲಿದ್ದಾಳೆ. ವಿಕ್ಟೋರಿಯಾ ರಾಣಿಯ ಮೊಮ್ಮಗಳು. 1888ರಲ್ಲಿ ಗಂಡನೊಡನೆ ಅಲ್ಲಿನ ಮಗ್ದಲಾ ಮರಿಯಳ ಚರ್ಚಿನ ಪ್ರತಿಷ್ಠೆಗೆ ಬಂದಿದ್ದಳು. ಗಂಡ ಸತ್ತ ಮೇಲೆ ಒಡವೆ ಮಾರಿ ಮಾಸ್ಕೋದಲ್ಲಿ ಸನ್ಯಾಸಿನಿಯರ ಆಶ್ರಮ ಕಟ್ಟಿ ರೋಗಿಗಳ ಸೇವೆಗೆ ನಿಂತಳು. 1918ರಲ್ಲಿ ಬೊಲ್ಶೆವಿಕರು ಆಕೆಯನ್ನು ಅಲಪಾಯೆವ್ಸ್ಕ್‌ನಲ್ಲಿ ಗಣಿಯ ಬಾವಿಗೆ ನೂಕಿ ಕೊಂದರು. ಹೆಣ ಸೈಬೀರಿಯಾ ದಾಟಿ ಬೀಜಿಂಗ್ ಮುಟ್ಟಿ, ಅಲ್ಲಿಂದ 1921ರಲ್ಲಿ ಈ ಚರ್ಚು ಸೇರಿತು. ಈ ಆಸ್ತಿಯ ಕತೆಯಲ್ಲಿ ದೇಶಕ್ಕೆ ಮರಳದೆಯೇ ತನ್ನ ಜಾಗಕ್ಕೆ ಮರಳಿದವಳು ಆಕೆಯೊಬ್ಬಳೇ.

ಮರಳಿ ಪಡೆಯುವುದು ಎಲ್ಲ ಕಡೆ ಸೌಜನ್ಯದಿಂದ ನಡೆಯಲಿಲ್ಲ. 1997ರ ಜುಲೈನಲ್ಲಿ ಯಾಸರ್ ಅರಾಫತ್‌ನ ಪೊಲೀಸರು ಹೆಬ್ರಾನಿನ ಮಠಕ್ಕೆ ನುಗ್ಗಿ, ಅಲ್ಲಿದ್ದ ದೇಶ ಬಿಟ್ಟವರ ಚರ್ಚಿನ ಸನ್ಯಾಸಿಗಳನ್ನೂ ಸನ್ಯಾಸಿನಿಯರನ್ನೂ ಎಳೆದು ಹೊರಹಾಕಿ ಮಠವನ್ನು ಮಾಸ್ಕೋಗೆ ಒಪ್ಪಿಸಿದರು. 2000ದ ಜನವರಿಯಲ್ಲಿ ಜೆರಿಕೊದಲ್ಲೂ ಹಾಗೆಯೇ ಆಯಿತು. ಕಪುಸ್ತಿನ್ ಕೊಂಡು ದತ್ತಿ ಬಿಟ್ಟ ನೆಲದಲ್ಲಿ ಒಂದೇ ಮಂತ್ರ ಹೇಳುವ, ಒಂದೇ ಪಂಚಾಂಗದ ಹಬ್ಬ ಮಾಡುವ ಜನ ಒಬ್ಬರನ್ನೊಬ್ಬರು ಪೊಲೀಸರ ಮೂಲಕ ಹೊರದಬ್ಬಿಸಿದ್ದು. ಇದನ್ನು ಧರ್ಮಕಾರ್ಯ ಎಂದು ಯಾರು ಕರೆದರೂ ನಾನು ಒಪ್ಪಲಾರೆ. ಎರಡು ಚರ್ಚುಗಳೂ 2007ರಲ್ಲಿ ಒಂದಾದವು. ಹತ್ತು ವರ್ಷ ತಾಳಿದ್ದರೆ ಆ ಮಠಗಳು ಯಾರ ಮೂಗೂ ಒಡೆಯದೆ ಒಂದೇ ಮನೆಗೆ ಸೇರುತ್ತಿದ್ದವು.

ಇನ್ನು ಉಳಿದದ್ದು ಅಲೆಕ್ಸಾಂಡರ್ ಛತ್ರ. ಹಳೆಯ ಊರಿನಲ್ಲಿ, ಯೇಸುವಿನ ಸಮಾಧಿ ಚರ್ಚಿನಿಂದ ಕೂಗಳತೆಯ ದೂರದಲ್ಲಿ, ಅಂಗಡಿಗಳ ನಡುವಿನ ಬಾಗಿಲು. ಸಣ್ಣ ಶುಲ್ಕ ಕೊಟ್ಟು ಮೆಟ್ಟಿಲಿಳಿದರೆ ಊರಿನ ಗದ್ದಲ ಮೇಲೆಯೇ ಉಳಿಯುತ್ತದೆ. 1883ರಲ್ಲಿ ಕಪುಸ್ತಿನ್ ಮತ್ತು ಜರ್ಮನ್ ವಾಸ್ತುಶಿಲ್ಪಿ ಕೊನ್ರಾಡ್ ಶಿಕ್ ಇಲ್ಲಿ ಅಗೆಸಿದಾಗ ರೋಮನ್ ಕಾಲದ ಕಮಾನು, ಹಳೆಯ ಗೋಡೆ, ಸವೆದ ಹೊಸ್ತಿಲೊಂದು ಸಿಕ್ಕವು. ಶಿಲುಬೆ ಹೊತ್ತ ಯೇಸು ಊರ ಬಾಗಿಲು ದಾಟುವಾಗ ತುಳಿದ ಕಲ್ಲು ಇದೇ ಎಂದು ಭಕ್ತರು ನಂಬುತ್ತಾರೆ. ಹೊಸ್ತಿಲು ಈಗ ಗಾಜಿನ ಕೆಳಗಿದೆ. ಬಾಗಿ ನೋಡಿದೆ. ಕಲ್ಲು ನಡುವೆ ತಗ್ಗಾಗಿದೆ, ಬಾಗಿಲಿನ ಅಗುಳಿ ಕೂರುತ್ತಿದ್ದ ಕುಳಿಗಳು ಕಾಣುತ್ತವೆ. ಎಷ್ಟು ಸಾವಿರ ಕಾಲು ತುಳಿದರೆ ಕಲ್ಲು ಹೀಗೆ ಸವೆಯಬೇಕು! ಮೇಲಿನ ಚರ್ಚು 1896ರಲ್ಲಿ ಪ್ರತಿಷ್ಠೆಯಾದದ್ದು. ಹಜಾರದಲ್ಲಿ ತ್ಸಾರ್‌ಗಳ ಭಾವಚಿತ್ರಗಳು. ಈ ಛತ್ರವನ್ನು ನೋಡಿಕೊಂಡು ಬಂದವರು ಬಿಳಿ ರಷ್ಯನ್ನರು, ಹಳೆಯ ಸೊಸೈಟಿಯ ಹೆಸರನ್ನು ದೇಶದ ಹೊರಗೆ ಉಳಿಸಿಕೊಂಡವರು. 2007ರಲ್ಲಿ ಐಕ್ಯವಾದರೂ ಇವರು ಬಾಗಿಲು ಬಿಟ್ಟುಕೊಡಲಿಲ್ಲ.

ಈ ಕಟ್ಟಡದ ವ್ಯಾಜ್ಯ ಸಿಕ್ಕಿಕೊಂಡದ್ದು ಒಬ್ಬ ತರುಣಿಯ ಬದುಕಿನ ಜತೆ. 2019ರ ಏಪ್ರಿಲ್‌ನಲ್ಲಿ ಭಾರತದಿಂದ ಮಾಸ್ಕೋ ಮೂಲಕ ಇಸ್ರೇಲಿಗೆ ಮರಳುತ್ತಿದ್ದ ನಾಮಾ ಇಸಾಕರ್ ಎಂಬ ಹುಡುಗಿಯ ಚೀಲದಲ್ಲಿ ಹತ್ತು ಗ್ರಾಮಿಗೂ ಕಡಿಮೆ ಹಶೀಶ್ ಸಿಕ್ಕಿತು. ಏಳೂವರೆ ವರ್ಷ ಶಿಕ್ಷೆ. ಡಿಸೆಂಬರ್‌ನಲ್ಲಿ ಇಸ್ರೇಲಿನ ಭೂನೋಂದಣಿ ಇಲಾಖೆ ಅಲೆಕ್ಸಾಂಡರ್ ಛತ್ರದ ಮಾಲೀಕತ್ವವನ್ನು ರಷ್ಯಾ ಸರ್ಕಾರದ ಹೆಸರಿಗೆ ಬರೆಯಿತು. 2020ರ ಜನವರಿಯಲ್ಲಿ ಪುಟಿನ್ ಜೆರುಸಲೇಮಿಗೆ ಬಂದು ಹುಡುಗಿಯ ತಾಯಿಯನ್ನು ಭೇಟಿಯಾದ. ಒಂದು ವಾರದಲ್ಲಿ ಕ್ಷಮಾದಾನ. ನೆತನ್ಯಾಹು ಮಾಸ್ಕೋಗೆ ಹಾರಿ ತನ್ನ ವಿಮಾನದಲ್ಲೇ ಆಕೆಯನ್ನು ಕರೆತಂದ. ನೋಂದಣಿಗೂ ಬಿಡುಗಡೆಗೂ ನಡುವೆ ಕೊಡುಕೊಳ್ಳುವಿಕೆ ಇತ್ತೆಂದು ಇಸ್ರೇಲಿನ ಪತ್ರಿಕೆಗಳು ಬಿಡದೆ ಬರೆದವು. ಬಿಳಿ ರಷ್ಯನ್ನರು ಕೋರ್ಟಿಗೆ ಹೋದರು. 2022ರ ಮಾರ್ಚ್‌ನಲ್ಲಿ ಜೆರುಸಲೇಮ್ ಜಿಲ್ಲಾ ನ್ಯಾಯಾಲಯ ಆ ನೋಂದಣಿಯನ್ನು ರದ್ದು ಮಾಡಿತು. ಪವಿತ್ರ ಸ್ಥಳಗಳ ವ್ಯಾಜ್ಯ ಸರ್ಕಾರದ ತೀರ್ಮಾನಕ್ಕೆ ಸೇರಿದ್ದು ಎಂದು 1924ರ ಬ್ರಿಟಿಷ್ ಆಜ್ಞೆಯೊಂದು ಹೇಳುತ್ತದೆ. ನೂರು ವರ್ಷಕ್ಕೆ ಹತ್ತಿರವಾದ ಆ ಆಜ್ಞೆ ಈಗ ಲೆಕ್ಕಕ್ಕೆ ಬಂತು. ಉಕ್ರೇನಿನ ಮೇಲೆ ರಷ್ಯಾ ದಾಳಿ ಮಾಡಿ ಆಗಷ್ಟೇ ಕೆಲವು ವಾರಗಳಾಗಿದ್ದವು. ಏಪ್ರಿಲ್‌ನಲ್ಲಿ ಪುಟಿನ್ ಪ್ರಧಾನಿ ಬೆನೆಟ್‌ಗೆ ಪತ್ರ ಬರೆದು ಛತ್ರವನ್ನು ಕೊಡುವಂತೆ ಕೇಳಿದ. ನಾನು ಹೋದಾಗಲೂ ಉತ್ತರ ಬಾಕಿಯಿತ್ತು.

ಹೊಸ್ತಿಲ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದ ಹೆಂಗಸೊಬ್ಬಳು ಉಕ್ರೇನಿನವಳು. ಗಂಡ ಸೈನ್ಯದಲ್ಲಿದ್ದಾನೆ ಎಂದಳು, ಹೆಚ್ಚೇನೂ ಹೇಳಲಿಲ್ಲ. ಆ ಕೊಪೆಕ್ ತಟ್ಟೆ ಕೀವ್, ಪೊಲ್ತಾವಾ, ಒಡೆಸ್ಸಾದ ಚರ್ಚುಗಳಲ್ಲೂ ಸುತ್ತಿತ್ತಲ್ಲ. ಯಾತ್ರಿಕರ ಹಡಗು ಬಿಡುತ್ತಿದ್ದದ್ದೇ ಒಡೆಸ್ಸಾದಿಂದ. ಆ ಹಳೆಯ ಕಾಣಿಕೆಯ ಲೆಕ್ಕ ತೆಗೆದರೆ ಈಕೆಯ ಮುತ್ತಜ್ಜಿಯ ಪಾಲೂ ಇದರಲ್ಲಿದೆ. ಒಂದು ದೇಶದ ಹೆಸರಿಗೆ ಈ ಕಲ್ಲನ್ನು ಬರೆದ ದಿನ ಆಕೆಯ ಪಾಲು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಯನ್ನು ಮಾಸ್ಕೋದ ಅರ್ಜಿಯಾಗಲಿ, ಜೆರುಸಲೇಮಿನ ದಫ್ತರವಾಗಲಿ ಎತ್ತಿದ್ದು ನನಗೆ ಕಾಣಲಿಲ್ಲ.

ಅಲ್ಲಿಂದ ಉತ್ತರಕ್ಕೆ, ಹೆರೋದನ ಬಾಗಿಲ ಒಳಗೆ, ನಮ್ಮವರದೇ ಒಂದು ಛತ್ರವಿದೆ. ಸೂಫಿ ಸಂತ ಬಾಬಾ ಫರೀದ್ ಸುಮಾರು 1200ರಲ್ಲಿ ತಪಸ್ಸಿಗೆ ಕೂತಿದ್ದರೆಂಬ ಜಾಗ. ಹಜ್ ಮಾರ್ಗದ ಭಾರತೀಯರಿಗೆ ತಂಗುದಾಣ. 1920ರ ದಶಕದ ಹೊತ್ತಿಗೆ ಅದೂ ಹಾಳುಬಿದ್ದಿತ್ತು. 1924ರಲ್ಲಿ ಸಹಾರನ್‌ಪುರದ ನಜೀರ್ ಹಸನ್ ಅನ್ಸಾರಿ ಎಂಬ ತರುಣ ಬಂದು ಅಲ್ಲೇ ನೆಲೆಸಿದರು, ಅಲ್ಲಿಯೇ ಮದುವೆಯಾದರು, ಕೋಣೆಗಳನ್ನು ದುರಸ್ತಿ ಮಾಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ರಜೆಯ ಮೇಲೆ ಬಂದ ಭಾರತೀಯ ಸೈನಿಕರು ಇಲ್ಲಿ ತಂಗಿದರು. 1967ರಲ್ಲಿ ಶೆಲ್ ಬಿದ್ದು ಮನೆಯವರೇ ಕೆಲವರು ಸತ್ತರು. ಆದರೂ ಕುಟುಂಬ ಕದಲಲಿಲ್ಲ. ಭಾರತ ಸರ್ಕಾರ ಇಲ್ಲಿ ಏನನ್ನೂ ಮರಳಿ ಪಡೆಯಬೇಕಾಗಿ ಬಂದಿಲ್ಲ; 2021ರಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಭೇಟಿ ಕೊಟ್ಟಾಗ ಬಾಗಿಲು ತೆಗೆದದ್ದು ಅದೇ ಕುಟುಂಬ.

ರಷ್ಯನ್ನರಲ್ಲೂ ಹೀಗೆ ಕದಲದವರಿದ್ದಾರೆ. ಅವರನ್ನು ನೋಡಲು ಐನ್ ಕರೆಮ್‌ಗೆ ಹೋಗಬೇಕು. 1871ರಲ್ಲಿ ಕಪುಸ್ತಿನ್ ಕೊಂಡ ಇಳಿಜಾರಿನಲ್ಲಿ ಸೈಪ್ರೆಸ್ ಮರಗಳ ನಡುವೆ ಸನ್ಯಾಸಿನಿಯರ ಪುಟ್ಟ ಪುಟ್ಟ ಮನೆಗಳು. ಇದು ಕಿತ್ತಳೆಯ ಪಟ್ಟಿಯಲ್ಲಿ ಸೇರಲಿಲ್ಲ. 1967ರಲ್ಲಿ ಮಾಸ್ಕೋ ಇಸ್ರೇಲಿನೊಂದಿಗೆ ಸಂಬಂಧ ಕಡಿದುಕೊಂಡಿತು. 1991ರ ತನಕ ರಾಯಭಾರಿಯೂ ಇರಲಿಲ್ಲ. ಸನ್ಯಾಸಿನಿಯರು ಇದ್ದರು. 1983ರಲ್ಲಿ ತಾಯಿ, ಮಗಳು ಇಬ್ಬರು ಸನ್ಯಾಸಿನಿಯರನ್ನು ಯಾರೋ ಮನೆಯೊಳಗೇ ಕೊಂದು ಹೋದರು. ಉಳಿದವರು ಗಂಟು ಕಟ್ಟಲಿಲ್ಲ. ಮೊದಲ ಮಹಾಯುದ್ಧಕ್ಕೆ ನಿಂತುಹೋದ ದೊಡ್ಡ ಚರ್ಚಿನ ಮೊಂಡು ಗೋಡೆಗಳು ತೊಂಬತ್ತು ವರ್ಷ ಹಾಗೆಯೇ ನಿಂತು, ಈ ಶತಮಾನದಲ್ಲಿ ಪೂರ್ತಿಯಾಗಿ ಚಿನ್ನದ ಗುಮ್ಮಟ ಹೊತ್ತವು.

ಮಠದ ಯಾತ್ರಿನಿವಾಸದ ಹಿಂದೆ ತಂತಿಯ ಮೇಲೆ ಬಿಳಿ ನಿಲುವಂಗಿಗಳು ಒಣಗುತ್ತಿದ್ದವು. ಹಿಂದಿನ ದಿನ ಜೋರ್ಡಾನಿನಲ್ಲಿ ಮುಳುಗಿ ಬಂದವರವು. ವೊರೊನೆಜ್ ಕಡೆಯ ಮುದುಕಿಯೊಬ್ಬಳು ತನ್ನದನ್ನು ಮುಟ್ಟಿ ಮುಟ್ಟಿ ಇನ್ನೂ ಹಸಿಯಿದೆಯೇ ಎಂದು ನೋಡುತ್ತಿದ್ದಳು. ಜತೆಗಿದ್ದ ಹುಡುಗ ಅವಳ ಮಾತನ್ನು ನನಗೆ ಇಂಗ್ಲಿಷಿಗೆ ತಿರುಗಿಸಿದ. ಅಲೆಕ್ಸಾಂಡರ್ ಛತ್ರದ ಮೊಕದ್ದಮೆ ಆಕೆಗೆ ಗೊತ್ತಿರಲಿಲ್ಲ; ಹೇಳಿದರೆ, ಬಾಗಿಲು ತೆರೆದಿರುತ್ತದೆ ತಾನೇ, ಎಷ್ಟು ಹೊತ್ತಿಗೆ ಎಂದು ಕೇಳಿದಳು. ಇಲ್ಲಿ ಹಾಸಿಗೆ ಚೆನ್ನಾಗಿದೆ, ಸೂಪಿಗೆ ಉಪ್ಪು ಕಡಿಮೆ ಎಂದಳು. ನಿಮ್ಮ ದೇಶದಲ್ಲೂ ನದಿಯಲ್ಲಿ ಮುಳುಗುತ್ತಾರಂತೆ, ಬಟ್ಟೆಯನ್ನು ಮನೆಗೆ ಒಯ್ಯುತ್ತಾರಾ ಎಂದು ವಿಚಾರಿಸಿದಳು. ಬಟ್ಟೆಯಲ್ಲ, ತಂಬಿಗೆಯಲ್ಲಿ ನೀರು ಒಯ್ಯುತ್ತೇವೆ ಎಂದೆ. ಸಾಯುವಾಗ ಬಾಯಿಗೆ ಬಿಡಲು ಎಂದು ನಾನು ವಿವರಿಸುವ ಮೊದಲೇ ಆಕೆಗೆ ಅರ್ಥವಾಗಿತ್ತು. ಬಸ್ಸು ಬೆಳಗಿನ ನಾಲ್ಕಕ್ಕೆ ಬೆತ್ಲೆಹೇಮಿಗೆ ಹೊರಡುತ್ತದೆ, ಒಂದು ಸೀಟು ಖಾಲಿಯಿದೆ, ಬರುವುದಾದರೆ ಈಗಲೇ ಹೆಸರು ಬರೆಸು ಎಂದು ಕಚೇರಿಯ ಬಾಗಿಲು ತೋರಿಸಿದಳು.